ಹಂಝಾಕನ ಮೂಗು

ರಾಸ್ ಅಲ್ ಖೋರ್, ದುಬೈ
14 ನವೆಂಬರ್ 2020

ಉಪ್ಪಾ, ಸಲಾಂ.

ಫೋನಿನಲ್ಲಿ ನಾನು ಮಾತು ಶುರುಮಾಡಿದ ಕೂಡಲೇ ನೀವು "ಚಾರ್ಜ್ ಮುಗಿಯಿತು ಮಗಳೇ" ಎನ್ನುತ್ತೀರಿ. ನಿಮ್ಮ ಫೋನಿನ ಚಾರ್ಜ್ ನನ್ನ ಉಪದೇಶಕ್ಕೆ ಮಾತ್ರ ಮುಗಿಯುತ್ತದೆ. ಕಾಗದಕ್ಕೆ ಚಾರ್ಜ್ ಬೇಡ, ನಡುವೆ ಕಟ್ ಮಾಡಲೂ ಆಗುವುದಿಲ್ಲ. ನಮ್ಮ ಮಾರ್ಕೆಟ್ಟಿನಿಂದ ಮುಸಫ್ಫಾಕ್ಕೆ ತರಕಾರಿ ಒಯ್ಯುವ ಶಾನವಾಝ್ ಇದನ್ನು ನಿಮ್ಮ ಕೈಗೇ ಕೊಡುತ್ತಾನೆ. ಕೊರೊನಾ ಬಂದ ಮೇಲೆ ಈ ದೇಶದೊಳಗೇ ಹಾಕಿದ ಗಡಿಯನ್ನು ಪರೀಕ್ಷೆಯ ಫಲಿತಾಂಶ ತೋರಿಸಿ ದಾಟುವ ನಮ್ಮ ಕಡೆಯವನು ಸದ್ಯಕ್ಕೆ ಅವನೊಬ್ಬನೇ.

ವಿಷಯ ಡ್ರಮ್ಮಿನದು. ನಮ್ಮ ಮ್ಯಾನೇಜರ್ ಕಳೆದ ವಾರ ಮರುಭೂಮಿಗೆ ಹೋಗಿ ಬಂದ ವಿಡಿಯೊ ತೋರಿಸಿದರು. ಒಂದು ಕಪ್ಪು ಡ್ರಮ್ಮು, ಅದರ ಮುಚ್ಚಳ ಎತ್ತಿದರೆ ಒಳಗೆ ಆಡಿನ ತೊಡೆ ತೂಗುತ್ತಿದೆ, ಕೆಳಗೆ ಕೆಂಡ, ಸುತ್ತ ಹೊಗೆ. ಬೆಂಕಿಯ ಮೇಲೆ ಸುಡುವುದು ಇಲ್ಲಿ ಎಲ್ಲರಿಗೂ ಗೊತ್ತು. ಮುಚ್ಚಿಟ್ಟು ಹೊಗೆಯಲ್ಲಿ ಅರ್ಧ ದಿನ ಬೇಯಿಸುವುದು ಹೊಸದು. "ಮುಸಫ್ಫಾದಲ್ಲಿ ಹಂಝ ಎಂಬ ವೆಲ್ಡರ್ ಇದ್ದಾನೆ, ಅವನೇ ಮಾಡಿ ಕೊಡುವುದು" ಎಂದರು. ನನ್ನ ಉಪ್ಪ ಎಂದು ಹೇಳಿದೆ. ಆಫೀಸಿನಲ್ಲಿ ನನಗೆ ಮೊದಲ ಬಾರಿಗೆ ಕುರ್ಚಿ ಕೊಟ್ಟು ಕೂರಿಸಿದರು.

ಕುರ್ಚಿಯಲ್ಲಿ ಕೂತಲ್ಲೇ ಭಯವಾಯಿತು. ವರ್ಕ್‌ಶಾಪುಗಳಿಗೆ ಹಂಚುವ ಒಂದು ಕರಪತ್ರ ನನ್ನ ಹತ್ತಿರ ಉಂಟು. ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಅಪಾಯ ಎಂದು ಅದರ ಮೊದಲ ಸಾಲು. ಎಣ್ಣೆ, ಬಣ್ಣಕ್ಕೆ ಬೆರೆಸುವ ಥಿನ್ನರ್, ಯಾವುದೇ ಇರಲಿ, ಸುರಿದು ಖಾಲಿ ಮಾಡಿದ ಮೇಲೂ ಒಳಗೆ ಅದರ ಆವಿ ಕೂತಿರುತ್ತದೆ. ಗ್ರೈಂಡರಿನ ಒಂದು ಕಿಡಿ ಸಾಕು. ಚಿತ್ರದಲ್ಲಿ ಒಬ್ಬ ಮನುಷ್ಯ, ಅವನ ಮೇಲೆ ಕೆಂಪು ಅಡ್ಡಗೆರೆ. ಅವನಿಗೆ ಮುಖ ಬರೆದಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ.

ನೀವು ನಗುತ್ತೀರಿ ಎಂದು ಗೊತ್ತು. ಕ್ಲಿನಿಕ್ಕಿನ ಕೌಂಟರಿನಲ್ಲಿ, ಬಸ್‌ಸ್ಟಾಪಿನಲ್ಲಿ, ಲೇಬರ್ ಆಫೀಸಿನ ಬಾಗಿಲಲ್ಲಿ ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಓದಿ ದೊಡ್ಡವಳಾದ ಹುಡುಗಿ ನಾನು. ಕಾಲೇಜು ಕೊಡದಿದ್ದನ್ನು ಕರಪತ್ರ ಕೊಟ್ಟಿದೆ. ಬಿಸಿಲಿನ ಹೊಡೆತದ ಕರಪತ್ರವನ್ನು ಜೂನ್‌ನಲ್ಲಿ ನಾನು ಮ್ಯಾನೇಜರರ ಬಾಗಿಲಿಗೆ ಅಂಟಿಸಿದ್ದಕ್ಕೇ ಮೂಟೆ ಹೊರುವವರಿಗೆ ತಣ್ಣೀರಿನ ಯಂತ್ರ ಬಂತು. ನನಗೆ ಬೈಗುಳವೂ ಬಂತು, ಅದು ಬೇರೆ. ಓದಿದ್ದನ್ನು ನಡೆಸದಿದ್ದರೆ ಓದುವುದು ಯಾಕೆ?

ನೀವು ಆ ಡ್ರಮ್ಮುಗಳನ್ನು ಎಲ್ಲಿಂದ ತರುತ್ತೀರಿ, ಒಳಗೆ ಮೊದಲು ಏನಿತ್ತು ಎಂದು ಹೇಗೆ ತಿಳಿಯುತ್ತೀರಿ, ಹೇಗೆ ಕೊಯ್ಯುತ್ತೀರಿ? ಬರೆಯಿರಿ. ಮೇ ತಿಂಗಳ ಜ್ವರದ ನಂತರ ನಿಮ್ಮನ್ನು ಕಣ್ಣಾರೆ ಕಂಡಿಲ್ಲ. ಇಷ್ಟನ್ನಾದರೂ ತಿಳಿಸಿ.

ಉತ್ತರ ಬರುವವರೆಗೆ ಸುಮ್ಮನಿರದ
ನಿಮ್ಮ ಹಫ್ಸ


ಮುಸಫ್ಫಾ
27 ನವೆಂಬರ್ 2020, ಶುಕ್ರವಾರ

ಮಗಳೇ,

ನಿನ್ನ ಕಾಗದವನ್ನು ಅನ್ಸಾರ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದ. ಮುಖ ಇಲ್ಲದ ಮನುಷ್ಯ ಯಾರೆಂದು ಅರ್ಧ ಗಂಟೆ ಚರ್ಚೆ ಆಯಿತು. ಕೊನೆಗೆ ನಮ್ಮ ಫೋರ್‌ಮನ್ ಎಂದು ತೀರ್ಮಾನವಾಯಿತು.

ಕೇಳಿದ್ದಕ್ಕೆ ಹೇಳುತ್ತೇನೆ. ನಮ್ಮ ಯಾರ್ಡಿನಲ್ಲಿ ಒಬ್ಬ ಟೆಕ್ಸಾಸಿನ ಇಂಜಿನಿಯರ್ ಇದ್ದ. ಕೆಲಸ ನಿಂತಾಗ ಏಪ್ರಿಲ್‌ನಲ್ಲಿ ಊರಿಗೆ ಹೋದ. ತಾನೇ ಮಾಡಿಕೊಂಡಿದ್ದ ಡ್ರಮ್ಮನ್ನು ಬಿಟ್ಟು ಹೋದ. ನಾನೂ ಅನ್ಸಾರನೂ ಅದನ್ನು ತಿರುಗಿಸಿ ಮುರುಗಿಸಿ ನೋಡಿದೆವು. ಕೆಳಗೆ ಗಾಳಿಗೆ ತೂತು, ಅದನ್ನು ಮುಚ್ಚಿ ತೆರೆಯಲು ಒಂದು ತಗಡು, ನಡುವೆ ಕೆಂಡದ ಜಾಲರಿ, ಮೇಲೆ ಮಾಂಸ ತೂಗುವ ಸರಳು, ಮುಚ್ಚಳದಲ್ಲಿ ಹೊಗೆ ಹೋಗುವ ಕೊಳವೆ. ಇಷ್ಟೇ. ನಮ್ಮ ಮೊದಲ ಡ್ರಮ್ಮಿನಲ್ಲಿ ಆಡಿನ ಕಾಲು ಹೊರಗೆ ಇದ್ದಿಲು, ಒಳಗೆ ಹಸಿ. ಡಾಂಬರು ಕಾಯಿಸುತ್ತಿದ್ದೀರಾ ಎಂದು ಪಕ್ಕದ ರೂಮಿನವರು ಕೇಳಿದರು. ಗಾಳಿ ಕಡಿಮೆ ಬಿಡಬೇಕು, ಕಾಯಬೇಕು, ಮುಚ್ಚಳ ತೆರೆದು ತೆರೆದು ನೋಡಬಾರದು. ಇದನ್ನು ಕಲಿಯಲು ರಂಜಾನ್ ಕಳೆದು ಬಕ್ರೀದ್ ಬಂತು. ಈಗ ಹೋಟೆಲಿಗೆ ಹೋಗಲು ಜನರಿಗೆ ಹೆದರಿಕೆ, ಎಲ್ಲರೂ ಟೆಂಟು ಹಿಡಿದು ಮರಳಿಗೆ ಹೋಗುತ್ತಾರೆ. ಹೋಗುವಾಗ ನಮ್ಮ ಡ್ರಮ್ಮು ಒಯ್ಯುತ್ತಾರೆ.

ಡ್ರಮ್ಮು ಗುಜರಿಯವನಿಂದ ತರುತ್ತೇವೆ. ಅಡುಗೆ ಎಣ್ಣೆಯದು, ಖರ್ಜೂರದ ಪಾಕದ್ದು. ಬಿರಡೆ ತೆಗೆದು ಮೂಗು ಇಟ್ಟರೆ ಒಳಗಿದ್ದುದು ನನಗೆ ಹೆಸರು ಹೇಳುತ್ತದೆ. ಸಂಶಯ ಇದ್ದರೆ ಬಾಯಿಯವರೆಗೆ ನೀರು ತುಂಬಿ, ಆವಿಗೆ ಜಾಗ ಇಲ್ಲದ ಹಾಗೆ ಮಾಡಿ ಕೊಯ್ಯುವುದು. ಸಂಶಯ ಇಲ್ಲದಿದ್ದರೆ ಒಣಗಿದ್ದನ್ನೇ ಕೊಯ್ಯುವುದು, ಯಾಕೆಂದರೆ ನೀರು ಇಲ್ಲಿ ಟ್ಯಾಂಕರಿನಲ್ಲಿ ಬರುತ್ತದೆ, ಯಾರ್ಡಿನವನು ಗೊಣಗುತ್ತಾನೆ. ಕೊಯ್ದ ಮೇಲೆ ಒಳಗೆ ಹಲಗೆ ತುಂಡು ತುಂಬಿ ಬೆಂಕಿ ಹಾಕಿ, ಬಣ್ಣ, ಲೇಪ ಎಲ್ಲ ಸುಟ್ಟು ಉಜ್ಜಿ ತೆಗೆಯುತ್ತೇವೆ. ತಿನ್ನುವವರಿಗೆ ಏನೂ ಆಗುವುದಿಲ್ಲ.

ಮಂಗಳೂರು ಬಂದರಿನ ಗೋದಾಮಿನಲ್ಲಿದ್ದಾಗ ಮುಚ್ಚಿದ ಟಿನ್ನಿನ ಹೊರಗಿನಿಂದಲೇ ಕಮಟು ಎಣ್ಣೆ ಹಿಡಿದವನು ನಾನು. ಈ ಕ್ಯಾಂಪಿನಲ್ಲಿ ಗ್ಯಾಸ್ ಸೋರಿದಾಗ ಎರಡು ರೂಮು ಆಚೆಯಿಂದ ಎದ್ದು ಬಂದು ಎಲ್ಲರನ್ನು ಹೊರಗೆ ಹಾಕಿದವನೂ ನಾನೇ. ಹಂಝಾಕನ ಮೂಗಿಗೆ ಸರ್ಟಿಫಿಕೇಟ್ ಬೇಡ ಎಂದು ಇಡೀ ಮುಸಫ್ಫಾ ಹೇಳುತ್ತದೆ. ನಿನ್ನ ಕರಪತ್ರಕ್ಕೆ ಮೂಗು ಇಲ್ಲ, ಪಾಪ.

ಹೊಟ್ಟೆ ತುಂಬ ಊಟ ಮಾಡು. ಉಮ್ಮನಿಗೆ ಫೋನ್ ಮಾಡು.

ಉಪ್ಪ


ರಾಸ್ ಅಲ್ ಖೋರ್
19 ಡಿಸೆಂಬರ್ 2020

ಉಪ್ಪಾ,

ಇದನ್ನು ಅನ್ಸಾರಾಕನಿಗೆ ಓದಲು ಕೊಡಬೇಡಿ. ನೀವೊಬ್ಬರೇ ಓದಿ.

ಮೊನ್ನೆ ಶಾನವಾಝ್ ನೀವು ಕಳಿಸಿದ ಡಬ್ಬಿ ತಂದ. ನಿಮ್ಮ ಡ್ರಮ್ಮಿನ ಮಾಂಸ ಎಂದು ನನ್ನ ರೂಮಿನ ಜಸೀನಾಳಿಗೂ ಊಟ ಮಾಡಬೇಡ ಎಂದು ಹೇಳಿ ಕೂರಿಸಿದ್ದೆ. ಮುಚ್ಚಳ ತೆರೆದೆ. ಜಸೀನಾ ನರ್ಸು, ಅವಳಿಗೆ ಎಂಥದನ್ನೂ ನೋಡಿ ಅಭ್ಯಾಸ. ಅವಳು ದುಪಟ್ಟಾ ಮೂಗಿಗೆ ಒತ್ತಿಕೊಂಡು ಬಾಲ್ಕನಿಗೆ ಓಡಿದಳು. "ಯಾರನ್ನು ಕೊಂದು ಕಳಿಸಿದ್ದಾರೆ ನಿನ್ನ ಉಪ್ಪ?" ಎಂದು ಅಲ್ಲಿಂದಲೇ ಕೇಳಿದಳು.

ನಗುತ್ತಲೇ ಡಬ್ಬಿ ಬಿಸಾಡಿದೆವು. ಬಿಸಿ ಇರುವಾಗಲೇ ಮುಚ್ಚಿದ್ದಾರೆ, ದಾರಿಯಲ್ಲಿ ಹಳಸಿದೆ ಎಂದುಕೊಂಡೆ. ಮರುದಿನ ಶಾನವಾಝನಿಗೆ ತಮಾಷೆ ಮಾಡಿದೆ, ಲಾರಿಯಲ್ಲಿ ಹೀಟರ್ ಹಾಕಿದ್ದೆಯಾ ಎಂದು. ಅವನು ಮುಖ ಸಣ್ಣದು ಮಾಡಿದ. ಕೊಡುವಾಗಲೇ ಹಾಗೆ ಇತ್ತಂತೆ. ಇಡೀ ದಾರಿ ಕಿಟಕಿ ತೆರೆದುಕೊಂಡು ಬಂದನಂತೆ. ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಗೆ ಹೇಳಲಿ ಹಫ್ಸ? ಹಂಝಾಕ ನನ್ನ ಎದುರೇ ಡಬ್ಬಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ, ಎಂಥ ಪರಿಮಳ ನೋಡು ಎಂದರು. ನನ್ನ ಮೂಗೇ ಸರಿ ಇಲ್ಲ ಎಂದುಕೊಂಡೆ."

ಉಪ್ಪಾ, ಆ ಮಾತು ಕೇಳಿದಾಗಿನಿಂದ ನನಗೆ ಕೆಲಸದಲ್ಲಿ ಕೈ ಓಡುತ್ತಿಲ್ಲ. ಊರಿನ ಮನೆಯಲ್ಲಿ ಅಂಗಳಕ್ಕೆ ಕಾಲಿಡುವ ಮೊದಲೇ ಇವತ್ತು ಯಾವ ಮೀನು ಎಂದು ಹೇಳುತ್ತಿದ್ದಿರಿ. ನಿಮ್ಮ ಮೇ ತಿಂಗಳ ಜ್ವರದ ಬಗ್ಗೆ ಜಸೀನಾಳನ್ನು ಕೇಳಿದೆ. ಅವಳ ಆಸ್ಪತ್ರೆಯ ಕರಪತ್ರ ತಂದು ಕೊಟ್ಟಳು. ಕೆಲವರಿಗೆ ವಾಸನೆ ವಾರದಲ್ಲಿ ಮರಳುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಮರಳುವುದಿಲ್ಲ ಎಂದು ಉಂಟು. ರುಚಿಯೂ ಹೋಗುತ್ತದಂತೆ. ನೀವು ಅದೇ ಮಾಂಸ ತಿಂದಿರಾ? ಹೊಟ್ಟೆ ಸರಿ ಉಂಟಾ?

ಒಂದೇ ಪ್ರಶ್ನೆ. ನಿಮಗೆ ವಾಸನೆ ಬರುತ್ತದೆಯೇ? ಬರುವುದಿಲ್ಲವಾದರೆ ನೀವು ಬಿರಡೆ ತೆಗೆದು ಮೂಗು ಇಡುವುದು ಯಾರಿಗೆ ತೋರಿಸಲು? ಸಂಶಯ ಇಲ್ಲದ ಡ್ರಮ್ಮು ಎಂದು ಯಾವುದನ್ನು ಕರೆಯುತ್ತೀರಿ?

ಒಂದು ಸಾಲು ಸಾಕು, ಹೌದು ಅಥವಾ ಇಲ್ಲ.

ಹಫ್ಸ


ಮುಸಫ್ಫಾ
8 ಜನವರಿ 2021

ಮಗಳೇ,

ಉತ್ತರ ತಡವಾಯಿತು. ಈ ವಾರ ಮಂಜು ಜಾಸ್ತಿ, ಬೆಳಿಗ್ಗೆ ಕಂಪನಿ ಬಸ್ಸು ಎದುರಿಗೆ ಬಂದು ನಿಂತರೂ ಕಾಣುವುದಿಲ್ಲ. ಚಳಿಗೆ ಸಮ್ರ್ ಕಟ್ಟಿಗೆ ಹೊತ್ತಿಸಿದರೆ ಎಂಥ ಪರಿಮಳ, ಏಲಕ್ಕಿ ಹುರಿದ ಹಾಗೆ. ಮಾಂಸಕ್ಕೆ ಅನ್ಸಾರ್ ಕೊತ್ತಂಬರಿ, ಕರಿಮೆಣಸು ಅರೆದು ಹಚ್ಚುತ್ತಾನೆ, ಆ ಘಮ ಗೇಟಿನವರೆಗೆ ಹೋಗುತ್ತದೆ. ರೂಮಿನಲ್ಲಿ ಯಾರೋ ಮಲ್ಲಿಗೆ ಅತ್ತರು ತಂದಿದ್ದಾರೆ, ಅದೂ ಒಳ್ಳೆಯ ವಾಸನೆ.

ಮಾಂಸ ದಾರಿಯಲ್ಲಿ ಕೆಟ್ಟದ್ದು. ಶಾನವಾಝ್ ಹುಡುಗ, ಮಾತು ಜಾಸ್ತಿ.

ದುಬೈಯ ಒಂದು ಟೂರಿಸ್ಟ್ ಕಂಪನಿ ಅವರ ಮರಳಿನ ಕ್ಯಾಂಪಿಗೆ ಒಟ್ಟಿಗೇ ಒಂದು ಲಾರಿ ಡ್ರಮ್ಮು ಕೇಳಿದೆ. ಇಷ್ಟು ದೊಡ್ಡ ಆರ್ಡರ್ ಬಂದದ್ದು ಇದೇ ಮೊದಲು. ಎಣ್ಣೆಯ ಡ್ರಮ್ಮು ಮುಗಿದಿದೆ, ಈ ಸಲದ್ದು ಬೇರೆ ಗುಜರಿಯಿಂದ. ಎಲ್ಲದಕ್ಕೂ ಹೊಸದಾಗಿ ನೀಲಿ ಬಣ್ಣ ಬಳಿದಿದ್ದಾರೆ. ಜ್ಯೂಸ್ ಫ್ಯಾಕ್ಟರಿಯದು ಎನ್ನುತ್ತಾನೆ ಗುಜರಿಯವನು. ಕೆಲಸ ನಿಧಾನ, ನೀರು ಹೊತ್ತು ಸೊಂಟ ಹಿಡಿದಿದೆ. ಯಾರ್ಡಿನವನು ಟ್ಯಾಂಕರ್ ನೀರು ಕುಡಿದು ಮುಗಿಸುತ್ತೀರಾ ಎಂದು ಬೈಯುತ್ತಾನೆ. ಕಂಪನಿಯವನು ದಿನಾ ಫೋನ್ ಮಾಡುತ್ತಾನೆ.

ಜಸೀನಾಳಿಗೆ ಸಲಾಂ ಹೇಳು. ಅವಳಿಗೆ ಬೇರೆ ಡಬ್ಬಿ ಕಳಿಸುತ್ತೇನೆ.

ಉಪ್ಪ


ರಾಸ್ ಅಲ್ ಖೋರ್
12 ಜನವರಿ 2021

ಉಪ್ಪಾ,

ನೀವು ಬರೆದ ಯಾವ ಕಾಗದದಲ್ಲೂ ಇಷ್ಟು ಪರಿಮಳ ಇರಲಿಲ್ಲ. ವಾಸನೆ ಬರುವವನು ಅದನ್ನು ಹೀಗೆ ಪಟ್ಟಿ ಮಾಡುವುದಿಲ್ಲ. ಸಮ್ರ್ ಹೊಗೆಗೆ ಏಲಕ್ಕಿಯ ವಾಸನೆ ಇಲ್ಲ. ಇಲ್ಲಿ ಮಾರ್ಕೆಟ್ಟಿನ ಹಿಂದೆ ಪಠಾಣರು ಅದನ್ನೇ ಉರಿಸುತ್ತಾರೆ, ಹೋಗಿ ನಿಂತು ಮೂಸಿ ನೋಡಿ ಬಂದೆ.

ಯಾಕೆ ಮುಚ್ಚಿಡುತ್ತೀರಿ ಎಂಬುದೂ ತಿಳಿಯುತ್ತದೆ. ಹಂಝಾಕನ ಮೂಗು ಹೋಯಿತು ಎಂದು ಗೊತ್ತಾದರೆ ಡ್ರಮ್ಮು ಯಾರು ಕೊಳ್ಳುತ್ತಾರೆ ಎಂಬ ಭಯ. ನನಗೆ ನಿಮ್ಮ ಮೂಗು ಬೇಡ, ನೀವು ಬೇಕು. ಕೆಲಸ ಮನುಷ್ಯನಿಗಾಗಿ ಇರುವುದು, ಮನುಷ್ಯ ಕೆಲಸಕ್ಕಾಗಿ ಅಲ್ಲ. ಇದು ಕರಪತ್ರದ ಮಾತು ಎಂದು ನಗಬೇಡಿ. ನಾನು ಇದನ್ನು ನಂಬುತ್ತೇನೆ.

ಎರಡರಲ್ಲಿ ಒಂದು. ಇನ್ನು ಮುಂದೆ ಪ್ರತಿ ಡ್ರಮ್ಮನ್ನೂ ಅನ್ಸಾರಾಕ ಮೂಸಬೇಕು, ಅವರು ಸರಿ ಎಂದ ಮೇಲೆಯೇ ನೀವು ಗ್ರೈಂಡರ್ ಮುಟ್ಟಬೇಕು. ಇಲ್ಲವಾದರೆ ಆ ಡ್ರಮ್ಮಿನ ಕರಪತ್ರದ ಕೆಳಗೆ ಸಿವಿಲ್ ಡಿಫೆನ್ಸ್ ಎಂಬ ಅಗ್ನಿಶಾಮಕದವರ ನಂಬರ್ ಉಂಟು, ನಾನು ಕರೆ ಮಾಡುತ್ತೇನೆ. ಲೈಸೆನ್ಸ್ ಇಲ್ಲದೆ ನಡೆಸುವ ಕೆಲಸ ಅದು. ನಿಮ್ಮನ್ನು ವಿಮಾನ ಹತ್ತಿಸಿ ಊರಿಗೆ ಕಳಿಸಬಹುದು. ಉಮ್ಮ ನನ್ನ ಮುಖ ನೋಡಲಿಕ್ಕಿಲ್ಲ. ಆದರೂ ಮಾಡುತ್ತೇನೆ. ಜೀವಂತ ಇರುವ ಉಪ್ಪ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿ.

ಹಫ್ಸ


ಅದೇ ದಿನ

ಅನ್ಸಾರಾಕನಿಗೆ ಹಫ್ಸಳ ಸಲಾಂ.

ನನಗೆ ನೆನಪಿರುವಾಗಿನಿಂದ ನೀವು ಉಪ್ಪನ ಜೊತೆ ಇದ್ದೀರಿ, ಅದಕ್ಕೇ ಬರೆಯುವ ಧೈರ್ಯ. ಉಪ್ಪನಿಗೆ ಜ್ವರದ ನಂತರ ವಾಸನೆ ತಿಳಿಯುತ್ತಿಲ್ಲ. ಅವರು ನಿಮಗೂ ಹೇಳಿರಲಿಕ್ಕಿಲ್ಲ. ಹೇಳಿದ್ದೇನೆ ಎಂದು ತೋರಿಸಿಕೊಳ್ಳಬೇಡಿ, ಅವರ ಮರ್ಯಾದೆ ಉಳಿಯಲಿ. ಇವತ್ತಿನಿಂದ ನೀವೇ ಅವರ ಮೂಗು. ಡ್ರಮ್ಮಿನ ಬಿರಡೆ ತೆಗೆದಾಗ ನೀವು ಮೂಸಿ, ನೀವು ಸರಿ ಎನ್ನಿ. ನಿಮ್ಮ ಮಾತಿಲ್ಲದೆ ಕೊಯ್ಯಬಾರದು ಎಂದು ಅವರಿಗೂ ಬರೆದಿದ್ದೇನೆ. ಅವರ ಜೀವ ನಿಮ್ಮ ಕೈಯಲ್ಲಿ ಎಂದು ಬರೆದರೆ ದೊಡ್ಡ ಮಾತಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ನಿಮ್ಮ ಮಗಳ ಹಾಗೆ ಇರುವ
ಹಫ್ಸ


ಮುಸಫ್ಫಾ
15 ಜನವರಿ

ಮಗಳೇ,

ಆಗಲಿ. ನೀನು ಹೇಳಿದ ಹಾಗೆಯೇ. ಉಮ್ಮನಿಗೆ ಹೇಳಬೇಡ.

ಉಪ್ಪ


ಮುಸಫ್ಫಾ
20 ಜನವರಿ 2021, ಬುಧವಾರ

ಹಫ್ಸ,

ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಫೋನ್ ಮಾಡಲಿಲ್ಲ. ನಿನ್ನ ಕಾಗದ ಬಂದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ಮೇ ತಿಂಗಳಲ್ಲಿ ಹಂಝಾಕನಿಗೆ ಜ್ವರ ಬಂದಾಗ ನನಗೂ ಬಂದಿತ್ತು. ಒಂದೇ ರೂಮು, ಮೇಲಿನ ಮಂಚ ಕೆಳಗಿನ ಮಂಚ. ಗುಣವಾಗಿ ಕೆಲಸಕ್ಕೆ ಮರಳುವಾಗ ಕ್ಯಾಂಪಿನಲ್ಲಿ ಸಾಲಾಗಿ ನಿಲ್ಲಿಸಿ ಮೂಗಿನ ಹತ್ತಿರ ಒಂದು ಬಾಟಲಿ ಹಿಡಿದರು. ವಾಸನೆ ತಿಳಿಯದವರನ್ನು ಇನ್ನೂ ಕೆಲಸಕ್ಕೆ ಬಿಡುವುದಿಲ್ಲ ಎಂದು ಸುದ್ದಿ ಇತ್ತು. ನನ್ನ ಮುಂದೆ ನಿಂತದ್ದು ಹಂಝಾಕ. ಅವರು ಕಾಫಿ ಎಂದರು. ನನಗೆ ಏನೂ ತಿಳಿಯಲಿಲ್ಲ, ಆದರೆ ಹಂಝಾಕ ಕಾಫಿ ಎಂದ ಮೇಲೆ ಅದು ಕಾಫಿಯೇ. ನಾನೂ ಕಾಫಿ ಎಂದೆ. ಈಗ ಯೋಚಿಸಿದರೆ ಬಾಟಲಿ ಗಾಜಿನದು, ಅವರು ಪುಡಿಯ ಬಣ್ಣ ನೋಡಿ ಹೇಳಿರಬೇಕು.

ಅವತ್ತಿನಿಂದ ಇವತ್ತಿನವರೆಗೆ ನನಗೆ ಚಹಾ ಎಂದರೆ ಬಿಸಿನೀರು. ಡ್ರಮ್ಮಿಗೆ ಹಂಝಾಕ ಮೂಗು ಇಡುತ್ತಿದ್ದರು, ಆಮೇಲೆ "ನೀನೂ ಒಮ್ಮೆ ನೋಡು" ಎನ್ನುತ್ತಿದ್ದರು. ಇಷ್ಟು ದೊಡ್ಡ ಮೂಗಿನವರು ನನ್ನನ್ನು ಯಾಕೆ ಕೇಳುತ್ತಾರೆ, ಮರ್ಯಾದೆಗೆ ಇರಬೇಕು ಎಂದುಕೊಂಡು ನಾನು "ಕ್ಲೀನ್" ಎನ್ನುತ್ತಿದ್ದೆ. ಅವರಿಗೆ ವಾಸನೆ ಇಲ್ಲ ಎಂದು ನಿನ್ನ ಕಾಗದದಿಂದಲೇ ತಿಳಿದದ್ದು. ಹಾಗಾದರೆ ಇಷ್ಟು ದಿನ ಯಾರ ಮೂಗಿನ ಮೇಲೆ ಕೊಯ್ದೆವು?

ಮುಖ್ಯ ವಿಷಯ ಇನ್ನೂ ಹೇಳಿಲ್ಲ. ನಾನು ಕ್ಲೀನ್ ಎಂದರೂ ಹಂಝಾಕ ಸುಮ್ಮನೆ ಎಲ್ಲ ಡ್ರಮ್ಮಿಗೂ ನೀರು ತುಂಬುತ್ತಿದ್ದರು. ಯಾಕೆ ಇಷ್ಟು ಕಷ್ಟ ಎಂದು ಕೇಳಿದರೆ ಸೊಂಟಕ್ಕೆ ವ್ಯಾಯಾಮ ಎನ್ನುತ್ತಿದ್ದರು. ಅವರಿಗೆ ಒಳಗೆ ಹೆದರಿಕೆ ಇತ್ತು, ಈಗ ಅರ್ಥವಾಯಿತು. ನಿನ್ನ ಕಾಗದ ಬಂದ ಮೇಲೆ ನೀರು ತುಂಬುವುದನ್ನು ಬಿಟ್ಟಿದ್ದಾರೆ. "ಇನ್ನು ನೀನು ಇದ್ದೀಯಲ್ಲ" ಎಂದು ನನ್ನ ಬೆನ್ನು ತಟ್ಟಿದರು. ಇಷ್ಟು ದಿನದ್ದು ಸುಳ್ಳು ಎಂದು ಅವರ ಎದುರು ಹೇಗೆ ಹೇಳಲಿ?

ನೀಲಿ ಡ್ರಮ್ಮುಗಳನ್ನು ಈ ಶುಕ್ರವಾರ ಜುಮಾ ಆದ ಮೇಲೆ ಕೊಯ್ಯುವುದು ಎಂದಾಗಿದೆ. ಅದಕ್ಕೆ ಮೊದಲು ಹೇಗಾದರೂ ಹೇಳುತ್ತೇನೆ. ಇನ್ಶಾಅಲ್ಲಾಹ್.

ಅನ್ಸಾರ್


ಗಂತೂತ್, ಗಡಿ
22 ಜನವರಿ 2021, ಶುಕ್ರವಾರ

ಉಪ್ಪಾ,

ಈ ಕಾಗದ ನಿಮಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಬರೆಯದೆ ಇರಲು ಆಗುತ್ತಿಲ್ಲ.

ಅನ್ಸಾರಾಕನ ಕಾಗದವನ್ನು ಶಾನವಾಝ್ ಇವತ್ತು ಬೆಳಿಗ್ಗೆ ಕೊಟ್ಟ. ನಿನ್ನೆಯೇ ಕೊಡಬೇಕಿತ್ತು, ಲಾರಿ ಗಡಿಯಲ್ಲಿ ನಿಂತಿತ್ತಂತೆ. ಓದಿದ ಕೂಡಲೇ ನಿಮಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇದೆ. ಅನ್ಸಾರಾಕನದೂ ಹಾಗೆಯೇ. ನೀವು ಕೆಲಸಕ್ಕೆ ಹೋಗುವಾಗ ಫೋನನ್ನು ರೂಮಿನಲ್ಲೇ ದಿಂಬಿನ ಕೆಳಗೆ ಇಟ್ಟು ಹೋಗುತ್ತೀರಿ. ಅದು ಅಲ್ಲಿ ದಿಂಬಿನ ಕೆಳಗೆ ಹೊಡೆದುಕೊಳ್ಳುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ.

ಜಸೀನಾ ಯಾರದೋ ಕಾರು ಮಾಡಿಸಿ ಕಳಿಸಿದಳು. ನನ್ನ ಹತ್ತಿರ ಪರೀಕ್ಷೆಯ ಫಲಿತಾಂಶ ಇರಲಿಲ್ಲ. ಇಲ್ಲಿಯ ಟೆಂಟಿನಲ್ಲಿ ಕೊಟ್ಟಿದ್ದೇನೆ, ಮೆಸೇಜ್ ಬರಬೇಕು. ಬಂದಿಲ್ಲ. ಕಾವಲಿನ ಪೊಲೀಸನಿಗೆ ನನ್ನ ಉಪ್ಪನ ಜೀವದ ಪ್ರಶ್ನೆ ಎಂದು ಹೇಳಿದೆ. ಅವನು ಕೆಟ್ಟವನಲ್ಲ, ನೀರು ಕೊಟ್ಟ, ಮೆಸೇಜ್ ಬರಲಿ ಎಂದ. ಸಾಲಿನಲ್ಲಿ ಟೆಂಟು, ಕುರ್ಚಿ, ಐಸ್ ಪೆಟ್ಟಿಗೆ ಕಟ್ಟಿಕೊಂಡ ಕಾರುಗಳು. ಒಂದರ ಹಿಂದೆ ನಿಮ್ಮ ಡ್ರಮ್ಮಿನಂಥದೇ ಒಂದು ಕಟ್ಟಿದ್ದಾರೆ. ಅದನ್ನು ನೋಡಲು ಆಗದೆ ಈ ಕಡೆ ತಿರುಗಿ ಕೂತಿದ್ದೇನೆ.

ಜುಮಾ ಬಾಂಗ್ ಈಗ ಆಯಿತು. ಇನ್ನು ನಮಾಜ್ ಮುಗಿಯುವುದು, ನೀವು ಯಾರ್ಡಿಗೆ ನಡೆಯುವುದು.

ಉಪ್ಪಾ, ನೀವು ಹೆದರಿಕೊಂಡು ಎಲ್ಲದಕ್ಕೂ ನೀರು ತುಂಬುತ್ತಿದ್ದಿರಿ. ನಿಮ್ಮ ಹೆದರಿಕೆ ನಿಮ್ಮನ್ನು ಕಾಯುತ್ತಿತ್ತು. ನಾನು ಅದನ್ನು ಕಿತ್ತುಕೊಂಡೆ. ಯಾರಿಗೆ ವಾಸನೆ ಉಂಟು, ಯಾರಿಗೆ ಇಲ್ಲ ಎಂದು ಕೇಳದೆ, ದುಬೈಯಲ್ಲಿ ಕೂತು, ಒಂದು ಮೂಗು ತೆಗೆದು ಇನ್ನೊಂದು ನೇಮಿಸಿದೆ. ಯಾವ ಕರಪತ್ರದಲ್ಲೂ ಮೂಗಿನಿಂದ ಪರೀಕ್ಷಿಸಿ ಎಂದು ಬರೆದಿಲ್ಲ. ನೀರು ತುಂಬಿ ಎಂದೇ ಇದೆ. ಮೂರನೆಯ ಸಾಲು. ನಾನು ಓದಿದ್ದೇನೆ, ನೂರು ಸಲ ಓದಿದ್ದೇನೆ. ನಿಮಗೆ ಬರೆಯುವಾಗ ಮಾತ್ರ ಅದು ಕಾಣಲಿಲ್ಲ.

ಸಿವಿಲ್ ಡಿಫೆನ್ಸಿಗೆ ಕರೆ ಮಾಡುತ್ತೇನೆ ಎಂದು ಬರೆದಿದ್ದೆ. ಈಗ ನಂಬರ್ ಒತ್ತಿದೆ. ಹೆಂಗಸಿನ ದನಿ ಎಲ್ಲಿ ಎಂದು ಕೇಳಿತು. ನಿಮ್ಮನ್ನು ಇಬ್ಬರು ಹಿಡಿದು ಜೀಪಿಗೆ ಹತ್ತಿಸುವುದು ಕಣ್ಣಿಗೆ ಬಂತು. ಕಟ್ ಮಾಡಿದೆ.

ಮೆಸೇಜ್ ಇನ್ನೂ ಬಂದಿಲ್ಲ. ಮತ್ತೆ ಕರೆ ಮಾಡುತ್ತೇನೆ. ಈ ಸಲ ಹೇಳುತ್ತೇನೆ. ಕ್ಷಮಿಸಿ.


ಮುಸಫ್ಫಾ
2 ಫೆಬ್ರವರಿ 2021

ಮಗಳೇ,

ಗಡಿಯಿಂದ ನೀನು ಬರೆದ ಕಾಗದ ಶಾನವಾಝ್ ಕೊಟ್ಟ. ಅದರ ಕೊನೆಗೆ ಹೆಸರು ಹಾಕಲು ಮರೆತಿದ್ದೀ.

ಫೋನಿನಲ್ಲಿ ನಾನು "ಆರಾಮ, ಆರಾಮ" ಎಂದದ್ದು ಪೂರ್ತಿ ನಿಜ ಅಲ್ಲ. ಪಕ್ಕದಲ್ಲಿ ಜನ ಇದ್ದರು. ಈಗ ಎಡಗೈಯ ಗಾಯದ ಬಟ್ಟೆ ಬಿಚ್ಚಿದ್ದಾರೆ, ಬಲಗೈಗೆ ಏನೂ ಆಗಿಲ್ಲ, ಕೂತು ಬರೆಯುತ್ತಿದ್ದೇನೆ. ನೀನು ಕಳಿಸಿದ ಸಿವಿಲ್ ಡಿಫೆನ್ಸಿನವರು ಬಂದದ್ದು ಎಲ್ಲ ಮುಗಿದ ಮೇಲೆ. ಹೆಸರು ಬರೆದುಕೊಂಡು ಹೋಗಿದ್ದಾರೆ. ಮುಂದಿನ ವಾರ ಕರೆಯುತ್ತಾರಂತೆ. ಊರಿಗೆ ಕಳಿಸಿದರೆ ಕಳಿಸಲಿ. ನೀನು ಮಾಡಿದ್ದು ಸರಿ. ಅದನ್ನು ತಲೆಯಲ್ಲಿ ಇಟ್ಟುಕೊಂಡು ಕೊರಗಬೇಡ.

ಆವತ್ತು ನಡೆದದ್ದು ಹೇಳುತ್ತೇನೆ. ನಮಾಜ್ ಮುಗಿಸಿ ಯಾರ್ಡಿಗೆ ಬಂದೆವು. ಅನ್ಸಾರ್ ಬರುವಾಗಲೇ ನೀರಿನ ಪೈಪು ಎಳೆದುಕೊಂಡು ಬಂದ. "ಇವತ್ತು ತುಂಬಿಸಿಯೇ ಕೊಯ್ಯುವ ಹಂಝಾಕ" ಎಂದ. ನಾನು ನಕ್ಕೆ. ನಿನ್ನ ಮೂಗು ಇರುವಾಗ ನೀರು ಯಾಕೆ ಮಾರಾಯ, ಸೊಂಟ ಬಿದ್ದು ಹೋಗಿದೆ, ಕಂಪನಿಯವನು ಸಂಜೆಗೆ ಲಾರಿ ಕಳಿಸುತ್ತಾನೆ ಎಂದೆ. ಅವನು ಪೈಪು ಹಿಡಿದುಕೊಂಡೇ ನಿಂತ. ಏನೋ ಹೇಳುವವನ ಹಾಗೆ ನಿಂತ. ನಾನು ಬಿರಡೆ ತೆಗೆದು ಡ್ರಮ್ಮನ್ನು ಅವನ ಕಡೆ ವಾಲಿಸಿದೆ. ಅವನು ಬಗ್ಗಿ ಮೂಗು ಇಟ್ಟ. ತುಂಬ ಹೊತ್ತು ಇಟ್ಟ. ಇಷ್ಟು ಹೊತ್ತು ನೋಡಿದ್ದಾನೆ ಎಂದರೆ ಚೆನ್ನಾಗಿ ನೋಡಿದ್ದಾನೆ ಎಂದುಕೊಂಡೆ. ತಲೆ ಎತ್ತದೆ "ಕ್ಲೀನ್" ಎಂದ.

ಗ್ರೈಂಡರ್ ಇಟ್ಟೆ. ಅಂಚಿನಲ್ಲಿ ಒಂದು ಗೇಣು ಹೋಗಿರಬಹುದು. ಆಮೇಲೆ ಶಬ್ದ ಎಂದು ಹೇಳಲು ಬರುವುದಿಲ್ಲ, ಎದೆಗೆ ಯಾರೋ ಬಾಗಿಲು ಹೊಡೆದ ಹಾಗೆ. ಬಿರಡೆಯ ತೂತಿನಿಂದ ಬೆಂಕಿ ನಾಲಗೆ ಚಾಚಿ ಒಳಗೆ ಹೋಯಿತು. ಡ್ರಮ್ಮಿನ ತಳ ಹೊಟ್ಟೆಯ ಹಾಗೆ ಉಬ್ಬಿತು, ಹರಿಯಲಿಲ್ಲ. ಹರಿದಿದ್ದರೆ ಈ ಕಾಗದ ಬೇರೆಯವರು ಬರೆಯುತ್ತಿದ್ದರು. ನಾನು ಹಿಂದಕ್ಕೆ ಬಿದ್ದೆ. ಕೈ ಉರಿಯುತ್ತಿತ್ತು. ಮುಖ ಇದೆ ಎಂದು ಬಲಗೈಯಿಂದ ಮುಟ್ಟಿ ನೋಡಿಕೊಂಡೆ.

ಅನ್ಸಾರ್ ಓಡಿ ಬಂದು ನನ್ನನ್ನು ಎತ್ತಿ ಕೂರಿಸಿದ. ಅವನ ಮುಖ ನನ್ನ ಮುಖದ ಹತ್ತಿರವೇ ಇತ್ತು, ಒಂದು ಅಂಗೈ ದೂರ. ನನ್ನ ಗಡ್ಡವನ್ನೇ ನೋಡುತ್ತಿದ್ದ. ನಾನು ಕೈ ಹಾಕಿದೆ. ಎಡಗಡೆಯ ಗಡ್ಡ ಪುಡಿಯಾಗಿ ಬೆರಳಿಗೆ ಬಂತು. ಹುಬ್ಬೂ ಇರಲಿಲ್ಲ. ಕೂದಲು ಸುಟ್ಟರೆ ಎಂಥ ವಾಸನೆ ಎಂದು ನಿನಗೆ ಗೊತ್ತುಂಟು, ಸತ್ತವನೂ ಎದ್ದು ಕೂರುತ್ತಾನೆ. ನನಗೆ ಏನೂ ಬರಲಿಲ್ಲ. ನನಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿದ್ದದ್ದೇ. ಆದರೆ ಅವನು ಅಷ್ಟು ಹತ್ತಿರ ಇದ್ದುಕೊಂಡು ಮೂಗು ಕೂಡ ಅಲುಗಿಸಲಿಲ್ಲ.

"ನಿನಗೆ ಬರುತ್ತಿಲ್ಲವಾ?" ಎಂದು ಕೇಳಿದೆ.

ಅವನು ಇಲ್ಲ ಎಂದು ತಲೆ ಆಡಿಸಿದ.

"ಎಂದಿನಿಂದ?"

"ನಿಮ್ಮ ಜೊತೆಗೇ" ಎಂದ.

ನಾವಿಬ್ಬರೂ ಅಲ್ಲೇ ನೆಲದಲ್ಲಿ ಕೂತೆವು. ಉಳಿದ ನೀಲಿ ಡ್ರಮ್ಮುಗಳು ಗೋಡೆಗೆ ಸಾಲಾಗಿ ನಿಂತಿದ್ದವು. ಅನ್ಸಾರ್ ಅಳುತ್ತಿದ್ದ. ನಾನು ಬೈಯಲಿಲ್ಲ. ಬೈಯಲು ನನಗೆ ಏನು ಹಕ್ಕು?

ಅಷ್ಟರಲ್ಲಿ ಗೇಟಿನ ಕಾವಲಿನ ಪಠಾಣ ಓಡಿ ಬಂದ. ಅವನಿಗೆ ಮೇ ತಿಂಗಳಲ್ಲಿ ಜ್ವರ ಬಂದಿರಲಿಲ್ಲ. ತಲೆಯ ಬಟ್ಟೆ ಬಿಚ್ಚಿ ಮೂಗಿಗೆ ಕಟ್ಟಿಕೊಂಡಿದ್ದ. ಇಲ್ಲಿ ಎಂಥ ವಾಸನೆ ಇದೆ ಎಂದು ನಾನು ಅವನನ್ನು ಕೇಳಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡ ಅವನು. ಮತ್ತೆ ಕೇಳಿದೆ.

"ಥಿನ್ನರ್, ಉಸ್ತಾದ್. ಈ ನೀಲಿ ಡ್ರಮ್ಮು ಲಾರಿಯಿಂದ ಇಳಿಸಿದ ದಿನದಿಂದ ಗೇಟಿನವರೆಗೂ ಬರುತ್ತಿದೆ. ನೀವು ಇದ್ದೀರಲ್ಲ ಎಂದು ನಾನು ಸುಮ್ಮನಿದ್ದೆ."

ಉಪ್ಪ